ಸೆಕೆಂಡಿನ ನೂರನೇ ಪಾಲು ಮತ್ತು ವೈದ್ಯರ ಕಡತ: ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುನ್ನ ಆಟಗಾರನ ದೇಹವನ್ನು ಓದುವ ಬಗೆ

2019ರ ಮಾರ್ಚ್ ಆರಂಭದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಒಳಾಂಗಣ ಕ್ರೀಡಾಂಗಣದಲ್ಲಿ ಡಿ.ಕೆ. ಮೆಟ್‌ಕಾಫ್ ಎಂಬ ಇಪ್ಪತ್ತೊಂದು ವರ್ಷದ ವೈಡ್ ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ) 40 ಗಜಗಳ ದೂರವನ್ನು 4.33 ಸೆಕೆಂಡಿನಲ್ಲಿ ಓಡಿದರು. ಆರು ಅಡಿ ಮೂರು ಇಂಚು ಎತ್ತರ, 228 ಪೌಂಡ್ ಅಂದರೆ ಸುಮಾರು 103 ಕೆ.ಜಿ. ತೂಕದ ದೇಹ ಅಷ್ಟು ವೇಗದಲ್ಲಿ ಓಡುವುದು ಅಪರೂಪ. ಆದರೆ ಮೂರು ಶಂಕುಗಳ ನಡುವೆ ತಿರುಗಿ ತಿರುಗಿ ಓಡುವ ಇನ್ನೊಂದು ಪರೀಕ್ಷೆಗೆ ಅವರು 7.38 ಸೆಕೆಂಡ್ ತೆಗೆದುಕೊಂಡರು. ನಿಧಾನಗತಿಗೇ ಹೆಸರಾದ ಟಾಮ್ ಬ್ರೇಡಿ 2000ದಲ್ಲಿ ಇದೇ ಪರೀಕ್ಷೆಯನ್ನು 7.20 ಸೆಕೆಂಡಿನಲ್ಲಿ ಮುಗಿಸಿದ್ದರು. ಇದರ ಜೊತೆಗೆ, ಕೆಲವೇ ತಿಂಗಳ ಹಿಂದೆ, 2018ರ ಅಕ್ಟೋಬರಿನಲ್ಲಿ, ಮೆಟ್‌ಕಾಫ್ ಕುತ್ತಿಗೆಗೆ ಪೆಟ್ಟು ಬಿದ್ದು ಶಸ್ತ್ರಚಿಕಿತ್ಸೆಯಾಗಿತ್ತು; ಕಾಲೇಜಿನ ಆ ಋತು ಅವರ ಪಾಲಿಗೆ ಅರ್ಧಕ್ಕೇ ಮುಗಿದಿತ್ತು.

ಮುಂದಿನ ಎರಡು ತಿಂಗಳು ಅಭಿಮಾನಿಗಳ ವಾಗ್ವಾದ ಈ ಮೂರು ಸಂಗತಿಗಳ ಸುತ್ತಲೇ ನಡೆಯಿತು. ಓಟ ನೋಡಿದವರು ಮೊದಲ ಸುತ್ತಿನಲ್ಲೇ ಆರಿಸಬೇಕೆಂದರು, ತಿರುವು ನೋಡಿದವರು ಇವರಿಗೆ ನೇರ ಓಟವೊಂದೇ ಗೊತ್ತೆಂದರು, ಕುತ್ತಿಗೆಯ ವಿಷಯ ತಿಳಿದವರು ಹತ್ತಿರವೂ ಸುಳಿಯಬಾರದೆಂದರು. ಪ್ರತಿ ವರ್ಷ ಫೆಬ್ರುವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ಹೆಸರು ಬದಲಾಗಿ, ಇದೇ ಚರ್ಚೆ ನಡೆಯುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಇದರಲ್ಲಿ ಮುಳುಗಿರುವಾಗ, ಕ್ರಿಕೆಟ್ ನೋಡಿ ಬೆಳೆದ ಹಿರಿಯರಿಗೆ ಇದು ತಲೆಬುಡ ತಿಳಿಯದ ಅಂಕಿಗಳ ಜಾತ್ರೆಯಂತೆ ಕಾಣುವುದು ಸಹಜ. ಈ ಅಂಕಿಗಳು ಎಲ್ಲಿಂದ ಬರುತ್ತವೆ, ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಮತ್ತು ವೈದ್ಯಕೀಯ ವರದಿ ಎಂಬ ಕಾಣದ ಕಾಗದ ಇವೆಲ್ಲಕ್ಕಿಂತ ಹೆಚ್ಚು ತೂಗುವುದೇಕೆ ಎಂಬುದನ್ನು ಇಲ್ಲಿ ಬುಡದಿಂದ ನೋಡೋಣ.

ಡ್ರಾಫ್ಟ್ ಎಂದರೆ ಹರಾಜಲ್ಲ

ಎನ್‌ಎಫ್‌ಎಲ್ ಎಂಬುದು ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್. ಇದರಲ್ಲಿ 32 ತಂಡಗಳಿವೆ. ಕಾಲೇಜು ಮಟ್ಟದಲ್ಲಿ ಆಡಿ, ಪ್ರೌಢಶಾಲೆ ಬಿಟ್ಟು ಕನಿಷ್ಠ ಮೂರು ವರ್ಷ ಕಳೆದ ಆಟಗಾರರನ್ನು ಈ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯೇ ಡ್ರಾಫ್ಟ್. ಇದು 1936ರಲ್ಲಿ ಆರಂಭವಾಯಿತು. ಈಗ ಏಳು ಸುತ್ತುಗಳಿದ್ದು, ಒಟ್ಟು ಸುಮಾರು 260 ಆಟಗಾರರು ಆಯ್ಕೆಯಾಗುತ್ತಾರೆ. ಹಿಂದಿನ ಋತುವಿನಲ್ಲಿ ಅತ್ಯಂತ ಕೆಟ್ಟದಾಗಿ ಆಡಿದ ತಂಡಕ್ಕೆ ಪ್ರತಿ ಸುತ್ತಿನಲ್ಲೂ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯ ಸರದಿ. ತಂಡಗಳು ಈ ಸರದಿಗಳನ್ನು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳಲೂಬಹುದು. ಹೀಗೆ ಆಯ್ಕೆಯಾಗುವ ನಿರೀಕ್ಷೆಯಲ್ಲಿರುವ ಆಟಗಾರನನ್ನು ಪ್ರಾಸ್ಪೆಕ್ಟ್ ಎನ್ನುತ್ತಾರೆ.

ಐಪಿಎಲ್ ನೋಡುವವರು ಇಲ್ಲಿರುವ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಹರಾಜಿನಲ್ಲಿ ಆಟಗಾರನ ಬೆಲೆ ಆ ಕ್ಷಣದಲ್ಲಿ ಕೂಗಿದವರ ಉತ್ಸಾಹದ ಮೇಲೆ ನಿಂತಿರುತ್ತದೆ. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ, ಗಾಯದ ಕಾರಣ ಆ ವರ್ಷ ಆಡಲಾರರೆಂದು ತಿಳಿದಿದ್ದರೂ ಜೋಫ್ರಾ ಆರ್ಚರ್ ಅವರಿಗೆ ಮುಂಬೈ ಇಂಡಿಯನ್ಸ್ 8 ಕೋಟಿ ರೂಪಾಯಿ ಕೊಟ್ಟಿತು. ಡ್ರಾಫ್ಟ್‌ನಲ್ಲಿ ಕೂಗುವುದಕ್ಕೆ ಅವಕಾಶವಿಲ್ಲ. 2011ರ ಒಪ್ಪಂದದ ನಂತರ ಯಾವ ಕ್ರಮಾಂಕದಲ್ಲಿ ಆಯ್ಕೆಯಾದರೆ ಎಷ್ಟು ಹಣ ಎಂಬುದು ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ. ಕ್ರಮಾಂಕ ಕೆಳಗಿಳಿದಂತೆ ಹಣವೂ ಇಳಿಯುತ್ತದೆ, ಅದೂ ಕಡಿದಾಗಿ. ಮೆಟ್‌ಕಾಫ್ ಕೊನೆಗೆ 64ನೆಯವರಾಗಿ, ಎರಡನೇ ಸುತ್ತಿನ ತುದಿಯಲ್ಲಿ, ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಆಯ್ಕೆಯಾದರು. ಅವರ ಮೊದಲ ನಾಲ್ಕು ವರ್ಷಗಳ ಕರಾರು ಸುಮಾರು 46 ಲಕ್ಷ ಡಾಲರ್‌ನದು. ಅದೇ ವರ್ಷ ಮೊದಲ ಸುತ್ತಿನಲ್ಲಿ 25ನೆಯವರಾಗಿ ಆಯ್ಕೆಯಾದ ಅದೇ ಸ್ಥಾನದ ಆಟಗಾರನಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಸಿಕ್ಕಿತು. ಆದ್ದರಿಂದ ಮೊಣಕಾಲಿನ ಒಂದು ಸ್ಕ್ಯಾನ್ ಅಥವಾ ಓಟದ ಒಂದು ಅಂಕಿಯಿಂದ ಆಟಗಾರ ಮೂವತ್ತು ಸ್ಥಾನ ಕೆಳಗೆ ಜಾರಿದರೆ ಹೋಗುವುದು ಮರ್ಯಾದೆಯಷ್ಟೇ ಅಲ್ಲ.

ವೈದ್ಯರಿಗಾಗಿ ಹುಟ್ಟಿದ ಶಿಬಿರ

ಡ್ರಾಫ್ಟ್‌ಗೆ ಮುನ್ನ ಪ್ರಾಸ್ಪೆಕ್ಟ್‌ಗಳನ್ನು ಒಂದೆಡೆ ಸೇರಿಸಿ ಪರೀಕ್ಷಿಸುವ ಶಿಬಿರಕ್ಕೆ ಕಂಬೈನ್ ಎಂದು ಹೆಸರು; ಮೆಟ್‌ಕಾಫ್ ಓಡಿದ್ದು ಅಲ್ಲಿಯೇ. ಟಿವಿಯಲ್ಲಿ ಕಾಣುವ ಕಂಬೈನ್ ಎಂದರೆ ಓಟ ಮತ್ತು ಜಿಗಿತ. ಆದರೆ ಅದು ಹುಟ್ಟಿದ್ದು ವೈದ್ಯಕೀಯ ತಪಾಸಣೆಗಾಗಿ. ಮೊದಲೆಲ್ಲ ಪ್ರತಿ ತಂಡವೂ ತನಗೆ ಬೇಕಾದ ಆಟಗಾರರನ್ನು ಪ್ರತ್ಯೇಕವಾಗಿ ಕರೆಸಿಕೊಂಡು ಪರೀಕ್ಷಿಸಬೇಕಿತ್ತು. ಒಬ್ಬನೇ ಆಟಗಾರ ಊರೂರು ಸುತ್ತಿ ಅದೇ ಮೊಣಕಾಲನ್ನು ಹತ್ತಾರು ವೈದ್ಯರಿಗೆ ತೋರಿಸಬೇಕಿತ್ತು. ಈ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಕೆಲವು ತಂಡಗಳು ಸೇರಿ 1982ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಒಂದು ಶಿಬಿರ ನಡೆಸಿದವು. ಆಗ ಬಂದಿದ್ದವರು 163 ಆಟಗಾರರು. 1985ರಲ್ಲಿ ಬೇರೆ ಬೇರೆ ಶಿಬಿರಗಳು ಒಂದಾದವು, 1987ರಿಂದ ಅದು ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿತು. ಕ್ರೀಡಾಂಗಣ, ಹೋಟೆಲು, ಆಸ್ಪತ್ರೆ ಎಲ್ಲವೂ ಹತ್ತಿರ ಹತ್ತಿರ ಇರುವುದು ಆ ನಗರದ ಅನುಕೂಲ. ಈಗ ಪ್ರತಿ ವರ್ಷ ಮುನ್ನೂರಕ್ಕೂ ಹೆಚ್ಚು ಆಟಗಾರರಿಗೆ ಆಹ್ವಾನ ಹೋಗುತ್ತದೆ.

ಅಲ್ಲಿ ಆಟಗಾರನ ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇ, ಅಗತ್ಯವಿದ್ದಲ್ಲಿ ಎಂಆರ್‌ಐ ನಡೆಯುತ್ತವೆ. ನಂತರ ಆತ ಕೋಣೆಯಿಂದ ಕೋಣೆಗೆ ಹೋಗುತ್ತಾನೆ. ಪ್ರತಿ ಕೋಣೆಯಲ್ಲೂ ಕೆಲವು ತಂಡಗಳ ವೈದ್ಯರು ಒಟ್ಟಾಗಿ ಕುಳಿತಿರುತ್ತಾರೆ, ಕೀಲುಗಳನ್ನು ಎಳೆದು, ತಿರುಗಿಸಿ, ಒತ್ತಿ ನೋಡುತ್ತಾರೆ. ಹಳೆಯ ಗಾಯಗಳ ಇತಿಹಾಸ, ಶಸ್ತ್ರಚಿಕಿತ್ಸೆಯ ದಾಖಲೆಗಳು ಸಾಮಾನ್ಯವಾಗಿ ಎಲ್ಲ ತಂಡಗಳಿಗೂ ಸಿಗುತ್ತವೆ. ಗಾಯದಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವವರನ್ನು ಏಪ್ರಿಲ್‌ನಲ್ಲಿ ಮರುತಪಾಸಣೆಗೆ ಕರೆಯುವ ಪದ್ಧತಿಯಿದೆ. ಡ್ರಾಫ್ಟ್‌ಗೆ ಎರಡು ವಾರ ಇರುವಾಗ ಒಬ್ಬ ಆಟಗಾರನ ಬಗ್ಗೆ ಇದ್ದಕ್ಕಿದ್ದಂತೆ ಸುದ್ದಿ ಹಬ್ಬುವುದಕ್ಕೆ ಎಷ್ಟೋ ಬಾರಿ ಇದೇ ಕಾರಣ.

ಅಭಿಮಾನಿಗಳ ಚರ್ಚೆ ಹಾದಿ ತಪ್ಪುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ನಿವೇಶನ ಕೊಳ್ಳುವಾಗ ಅದರ ಉದ್ದಗಲವನ್ನು ಟೇಪು ಹಿಡಿದು ಯಾರು ಬೇಕಾದರೂ ಅಳೆಯಬಹುದು, ಆದರೆ ಮೂಲಪತ್ರವನ್ನೂ ಋಣಭಾರ ಪ್ರಮಾಣಪತ್ರವನ್ನೂ ಓದಿ ತೊಡಕಿದೆಯೇ ಇಲ್ಲವೇ ಎಂದು ಹೇಳುವವರು ವಕೀಲರು, ಮತ್ತು ಒಂದೇ ಕಾಗದ ನೋಡಿದ ಇಬ್ಬರು ವಕೀಲರು ಎರಡು ಮಾತು ಹೇಳಬಹುದು. ಡ್ರಾಫ್ಟ್‌ನಲ್ಲಿಯೂ ಅಳತೆ ಎಲ್ಲರ ಕಣ್ಣೆದುರು ನಡೆಯುತ್ತದೆ, ಕಡತ ಮುಚ್ಚಿರುತ್ತದೆ. ಕೈಗೆ ಸಿಕ್ಕಿದ್ದನ್ನು ಹಿಡಿದೇ ಜನ ವಾದಿಸುವುದರಿಂದ ಅಳತೆಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಬೆಲೆ ಬಂದುಬಿಡುತ್ತದೆ.

ಓಟ, ಜಿಗಿತ, ತಿರುವು

ಎಲ್ಲಕ್ಕಿಂತ ಪ್ರಸಿದ್ಧವಾದದ್ದು 40 ಗಜಗಳ ಓಟ, ಅಂದರೆ ಸುಮಾರು 36.6 ಮೀಟರ್. ಕಂಬೈನ್‌ನಲ್ಲಿ ಇದುವರೆಗಿನ ಅತಿ ವೇಗದ ಓಟ 2024ರಲ್ಲಿ ಝೇವಿಯರ್ ವರ್ದಿ ಓಡಿದ 4.21 ಸೆಕೆಂಡ್, ಅದಕ್ಕೆ ಮೊದಲು 2017ರಲ್ಲಿ ಜಾನ್ ರಾಸ್ ಅವರ 4.22, ಅದಕ್ಕೂ ಮೊದಲು 2008ರಲ್ಲಿ ಕ್ರಿಸ್ ಜಾನ್ಸನ್ ಅವರ 4.24 ದಾಖಲೆಯಾಗಿದ್ದವು. ಈ ಅಂಕಿಗಳನ್ನು ಒಲಿಂಪಿಕ್ ಓಟದ ಅಂಕಿಗಳೊಂದಿಗೆ ಹೋಲಿಸಲಾಗದು. ಅಥ್ಲೆಟಿಕ್ಸ್‌ನಲ್ಲಿ ಗುಂಡಿನ ಸದ್ದಾದ ಕ್ಷಣದಿಂದಲೇ ಗಡಿಯಾರ ಓಡುತ್ತದೆ, ಓಟಗಾರ ಸದ್ದು ಕೇಳಿ ಪ್ರತಿಕ್ರಿಯಿಸುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಕಂಬೈನ್‌ನಲ್ಲಿ ಗುಂಡೂ ಇಲ್ಲ, ಸೀಟಿಯೂ ಇಲ್ಲ. ಆಟಗಾರ ತನಗೆ ಬೇಕಾದಾಗ ಹೊರಡುತ್ತಾನೆ. ಆತ ಅಲುಗಾಡಿದ್ದನ್ನು ಕಂಡ ಕೂಡಲೇ ಒಬ್ಬ ಮನುಷ್ಯ ಗುಂಡಿ ಒತ್ತುತ್ತಾನೆ. ಕೊನೆಯ ಗೆರೆಯಲ್ಲಿ ಮಾತ್ರ ವಿದ್ಯುನ್ಮಾನ ಕಿರಣ ಗಡಿಯಾರವನ್ನು ನಿಲ್ಲಿಸುತ್ತದೆ. ಹಾಗಾಗಿ ಸೆಕೆಂಡಿನ ನೂರನೇ ಪಾಲಿನ ವ್ಯತ್ಯಾಸದ ಸ್ವಲ್ಪ ಭಾಗ ಗುಂಡಿ ಒತ್ತಿದ ಬೆರಳಿನದೂ ಆಗಿರಬಹುದು.

ಹಾಗೆಂದು ಓಟದ ಅಂಕಿಗೆ ಅರ್ಥವೇ ಇಲ್ಲವೆಂದಲ್ಲ. ಪೂರ್ಣ ವೇಗದಲ್ಲಿರುವ ಓಟಗಾರ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಸುಮಾರು ಒಂದು ಮೀಟರ್ ಸಾಗುತ್ತಾನೆ. ಚೆಂಡು ಹಿಡಿಯಲು ಓಡುವವನಿಗೂ ಅವನ ಬೆನ್ನು ಹತ್ತಿದವನಿಗೂ ನಡುವೆ ಒಂದು ಮೀಟರ್ ಅಂತರವಿದ್ದರೆ ಚಾಚಿದ ಕೈ ಚೆಂಡಿಗೆ ಎಟುಕುವುದಿಲ್ಲ. ಆದ್ದರಿಂದ 4.35ಕ್ಕೂ 4.37ಕ್ಕೂ ನಡುವಿನ ಜಗಳಕ್ಕೆ ಹೆಚ್ಚು ತಿರುಳಿಲ್ಲ, 4.35ಕ್ಕೂ 4.60ಕ್ಕೂ ನಡುವಿನ ಜಗಳಕ್ಕೆ ತಿರುಳಿದೆ.

ಓಟದ ಮೊದಲ 10 ಗಜಗಳ ಕಾಲವನ್ನು ಬೇರೆಯಾಗಿಯೂ ದಾಖಲಿಸುತ್ತಾರೆ. ಎದುರಾಳಿಯನ್ನು ತಡೆಯುವ ಅಥವಾ ತಳ್ಳುವ ಭಾರೀ ದೇಹದ ಆಟಗಾರರು, ಅಂದರೆ ಲೈನ್‌ಮನ್‌ಗಳು, ಪಂದ್ಯದಲ್ಲಿ 40 ಗಜ ನೇರವಾಗಿ ಓಡುವ ಸಂದರ್ಭವೇ ಕಡಿಮೆ. ಅವರಿಗೆ ಮೊದಲ ಕೆಲವು ಹೆಜ್ಜೆಗಳ ಸಿಡಿತವೇ ಮುಖ್ಯ. ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಮತ್ತು ನಿಂತಲ್ಲಿಂದ ಮುಂದಕ್ಕೆ ಜಿಗಿಯುವ ಪರೀಕ್ಷೆಗಳು ಇದೇ ಸಿಡಿತವನ್ನು ಬೇರೆ ಬಗೆಯಲ್ಲಿ ಅಳೆಯುತ್ತವೆ. 2015ರಲ್ಲಿ ಬೈರನ್ ಜೋನ್ಸ್ ಮುಂದಕ್ಕೆ 12 ಅಡಿ 3 ಇಂಚು ಜಿಗಿದದ್ದು ಇಂದಿಗೂ ಬೆರಗಿನಿಂದ ನೆನೆಯುವ ಸಾಧನೆ. 225 ಪೌಂಡ್ ಭಾರವನ್ನು ಮಲಗಿ ಎಷ್ಟು ಬಾರಿ ಎತ್ತಬಲ್ಲರೆಂಬುದು ಇನ್ನೊಂದು ಪರೀಕ್ಷೆ. ಉದ್ದ ತೋಳಿನವನು ಪ್ರತಿ ಬಾರಿಯೂ ಭಾರವನ್ನು ಹೆಚ್ಚು ದೂರ ತಳ್ಳಬೇಕಾಗುವುದರಿಂದ, ಆಟದಲ್ಲಿ ವರವಾಗುವ ಉದ್ದ ತೋಳು ಈ ಪರೀಕ್ಷೆಯಲ್ಲಿ ಶಾಪವಾಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ತಿರುವಿನ ಪರೀಕ್ಷೆಗಳು ಎರಡು. ಐದೈದು ಗಜ ಅಂತರದಲ್ಲಿ ಎಲ್ ಆಕಾರದಲ್ಲಿಟ್ಟ ಮೂರು ಶಂಕುಗಳ ಸುತ್ತ ಓಡುವುದು ಒಂದು. ಐದು ಗಜ ಒಂದು ಕಡೆಗೆ, ಹತ್ತು ಗಜ ವಿರುದ್ಧ ದಿಕ್ಕಿಗೆ, ಮತ್ತೆ ಐದು ಗಜ ಹಿಂದಕ್ಕೆ ಓಡುವ ಶಟಲ್ ಇನ್ನೊಂದು. ಇವು ಅಳೆಯುವುದು ವೇಗವನ್ನಲ್ಲ, ವೇಗವನ್ನು ಕೊಂದು ಮತ್ತೆ ಹುಟ್ಟಿಸುವ ಶಕ್ತಿಯನ್ನು. 103 ಕೆ.ಜಿ. ತೂಕದ, ಉದ್ದ ಕಾಲಿನ ದೇಹವನ್ನು ಒಮ್ಮೆ ಓಡಿಸಿದ ಮೇಲೆ ನಿಲ್ಲಿಸುವುದು ಕಷ್ಟ. ಮೆಟ್‌ಕಾಫ್ ಅವರ ಎರಡು ಅಂಕಿಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಅವು ಒಂದೇ ದೇಹದ ಎರಡು ಮುಖಗಳು.

ದೇಹತೂಕ ಬೇರೆಯಾದಾಗ ವೇಗವನ್ನು ಹೋಲಿಸಲು ಒಂದು ಸರಳ ಲೆಕ್ಕವನ್ನು ವಿಶ್ಲೇಷಕರು ಬಳಸುತ್ತಾರೆ. ತೂಕವನ್ನು ಪೌಂಡ್‌ನಲ್ಲಿ ತೆಗೆದುಕೊಂಡು 200ರಿಂದ ಗುಣಿಸಿ, ಓಟದ ಕಾಲದ ನಾಲ್ಕನೇ ಘಾತದಿಂದ (ಕಾಲ × ಕಾಲ × ಕಾಲ × ಕಾಲ) ಭಾಗಿಸಬೇಕು. ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗಳಿಗಾಗಿ ರೂಪಿಸಿದ ಈ ಲೆಕ್ಕದಲ್ಲಿ 165 ಪೌಂಡ್ ತೂಕದ ವರ್ದಿ ಅವರ 4.21ಕ್ಕೆ ಸುಮಾರು 105 ಅಂಕ ಬಂದರೆ, 228 ಪೌಂಡ್ ತೂಕದ ಮೆಟ್‌ಕಾಫ್ ಅವರ 4.33ಕ್ಕೆ ಸುಮಾರು 130 ಬರುತ್ತದೆ. ಅಭಿಮಾನಿಗಳು ಹೆಚ್ಚು ಉಲ್ಲೇಖಿಸುವ ಇನ್ನೊಂದು ಅಳತೆ ಆರ್‌ಎಎಸ್, ಅಂದರೆ ಸಾಪೇಕ್ಷ ಅಥ್ಲೆಟಿಕ್ ಅಂಕ. ಎತ್ತರ, ತೂಕ, ಓಟ, ಜಿಗಿತ, ತಿರುವು ಎಲ್ಲವನ್ನೂ ಅದೇ ಸ್ಥಾನದಲ್ಲಿ ಆಡಿದ, 1987ರಿಂದೀಚಿನ ಆಟಗಾರರ ಅಂಕಿಗಳೊಂದಿಗೆ ಹೋಲಿಸಿ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಲಾಗುತ್ತದೆ. ಐದು ಎಂದರೆ ಸರಾಸರಿ. ಒಬ್ಬ ಆಟಗಾರನಿಗೆ 9.5 ಬಂದಿದೆ ಎಂದರೆ ಆತ ಚೆನ್ನಾಗಿ ಆಡುತ್ತಾನೆಂದಲ್ಲ, ಅದೇ ಸ್ಥಾನದ ಬಹುತೇಕರಿಗಿಂತ ಆತನ ದೇಹ ಚುರುಕಾಗಿದೆ ಎಂದಷ್ಟೇ.

ಇನ್ನು ಪ್ರೋ ಡೇ ಎಂಬುದೊಂದಿದೆ. ಕಂಬೈನ್ ನಂತರ ಪ್ರತಿ ಕಾಲೇಜೂ ತನ್ನ ಅಂಗಳದಲ್ಲಿ ಆಟಗಾರರ ಪರೀಕ್ಷೆ ನಡೆಸುತ್ತದೆ. ಅಲ್ಲಿ ತಂಡಗಳ ಪ್ರತಿನಿಧಿಗಳು ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು ಅಳೆಯುವುದರಿಂದ ಅಂಕಿಗಳು ಸಾಮಾನ್ಯವಾಗಿ ತುಸು ಉದಾರವಾಗಿರುತ್ತವೆ. ಕಂಬೈನ್ ಅಂಕಿಯನ್ನೂ ಪ್ರೋ ಡೇ ಅಂಕಿಯನ್ನೂ ಒಂದೇ ತಕ್ಕಡಿಗೆ ಹಾಕಿ ವಾದಿಸುವುದು ಈ ಚರ್ಚೆಗಳಲ್ಲಿ ಪದೇಪದೇ ಕಾಣುವ ದೋಷ.

ಅಂಕಿ ಎಲ್ಲಿಯವರೆಗೆ ಮಾತಾಡುತ್ತದೆ

ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು, ಆರನೇ ಸುತ್ತಿನಲ್ಲಿ 199ನೆಯವರಾಗಿ ಆಯ್ಕೆಯಾದರು, ಮುಂದೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಬಾರಿ ಗೆದ್ದರು. ಪರೀಕ್ಷೆಗಳೇ ವ್ಯರ್ಥ ಎನ್ನುವವರು ಈ ಉದಾಹರಣೆಯನ್ನು ಮಂತ್ರದಂತೆ ಜಪಿಸುತ್ತಾರೆ. ಆದರೆ ಬ್ರೇಡಿ ಕ್ವಾರ್ಟರ್‌ಬ್ಯಾಕ್. ನಿಂತು ನೋಡಿ ಚೆಂಡು ಎಸೆಯುವುದು ಆ ಸ್ಥಾನದ ಕೆಲಸ. ಅದಕ್ಕೆ ಕಾಲಿನ ವೇಗ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಎದುರಾಳಿಯ ವೇಗದ ಓಟಗಾರನನ್ನು ಬೆನ್ನಟ್ಟಬೇಕಾದ ಕಾರ್ನರ್‌ಬ್ಯಾಕ್‌ಗೆ ಅದೇ ರಿಯಾಯಿತಿ ಇಲ್ಲ.

ಜಾನ್ ರಾಸ್ ಅವರದು ಇದಕ್ಕೆ ತದ್ವಿರುದ್ಧ ಪ್ರಸಂಗ. 2017ರಲ್ಲಿ ದಾಖಲೆಯ 4.22 ಓಡಿದ ಅವರನ್ನು ಸಿನ್ಸಿನಾಟಿ ಬೆಂಗಲ್ಸ್ ತಂಡ ಒಂಬತ್ತನೆಯವರಾಗಿ ಆರಿಸಿಕೊಂಡಿತು. ಕಾಲೇಜಿನಲ್ಲಿ ಮೊಣಕಾಲಿನ ಗಾಯದಿಂದ ಅವರು 2015ರ ಇಡೀ ಋತುವನ್ನು ಕಳೆದುಕೊಂಡಿದ್ದರು. ಮೊದಲ ವರ್ಷ ಅವರು ಆಡಿದ್ದು ಮೂರೇ ಪಂದ್ಯ, ಒಂದೂ ಕ್ಯಾಚ್ ಹಿಡಿಯಲಿಲ್ಲ. ಮುಂದಿನ ವರ್ಷಗಳಲ್ಲೂ ಗಾಯಗಳು ಬೆನ್ನು ಬಿಡಲಿಲ್ಲ. ಮೆಟ್‌ಕಾಫ್ ಅವರಾದರೋ, ತಮಗಿಂತ ಮೊದಲು ಎಂಟು ಮಂದಿ ವೈಡ್ ರಿಸೀವರ್‌ಗಳು ಆಯ್ಕೆಯಾಗುವುದನ್ನು ನೋಡಿದ ಮೇಲೆ, ಮೊದಲ ನಾಲ್ಕು ಋತುಗಳಲ್ಲಿ ಒಂದೂ ಪಂದ್ಯ ತಪ್ಪಿಸಿಕೊಳ್ಳದೆ ಆಡಿದರು. 2020ರಲ್ಲಿ 1,303 ಗಜ ಗಳಿಸಿ ಸಿಯಾಟಲ್ ತಂಡದ ಆವರೆಗಿನ ದಾಖಲೆ ಮುರಿದರು. ತಿರುವಿನ ಅಂಕಿ ಸುಳ್ಳಾಗಿರಲಿಲ್ಲ. ತಂಡವು ಅವರಿಂದ ಸಣ್ಣ ಸಣ್ಣ ತಿರುವುಗಳನ್ನು ಬೇಡುವ ಬದಲು ನೇರ ಓಟವನ್ನೂ ಎತ್ತರವನ್ನೂ ಬಳಸಿಕೊಂಡಿತು.

ಪರೀಕ್ಷೆಗೇ ನಿಲ್ಲದವರೂ ಇದ್ದಾರೆ. ಮಾರ್ವಿನ್ ಹ್ಯಾರಿಸನ್ ಜೂನಿಯರ್ 2024ರಲ್ಲಿ ಓಡಲೂ ಇಲ್ಲ, ಜಿಗಿಯಲೂ ಇಲ್ಲ. ಆದರೂ ನಾಲ್ಕನೆಯವರಾಗಿ ಆಯ್ಕೆಯಾದರು. ಕಾಲೇಜು ಪಂದ್ಯಗಳ ವಿಡಿಯೊ ಸಾಕಷ್ಟು ಗಟ್ಟಿಯಾಗಿದ್ದರೆ ಹೊಸ ಅಂಕಿಯಿಂದ ಲಾಭಕ್ಕಿಂತ ನಷ್ಟದ ಸಾಧ್ಯತೆಯೇ ಹೆಚ್ಚು ಎಂಬುದು ಇದರ ಹಿಂದಿನ ಲೆಕ್ಕ. ಪರೀಕ್ಷೆಯಲ್ಲೇ ಗಾಯವಾಗುವ ಅಪಾಯವೂ ಇದೆ. 2017ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಡ್ನಿ ಜೋನ್ಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಪ್ರೋ ಡೇ ದಿನವೇ ಹರಿಯಿತು. ಮೊದಲ ಸುತ್ತಿನ ನಿರೀಕ್ಷೆಯಲ್ಲಿದ್ದವರು 43ನೇ ಸ್ಥಾನಕ್ಕಿಳಿದರು.

ವೈದ್ಯಕೀಯ ಕಡತದೊಳಗೆ

‘ಮೊಣಕಾಲಿನ ತೊಂದರೆ’ ಎಂದು ಸುದ್ದಿಯಲ್ಲಿ ಒಂದೇ ಮಾತಿನಲ್ಲಿ ಬರುವುದರ ಹಿಂದೆ ಬಹಳ ಬೇರೆ ಬೇರೆ ಸಂಗತಿಗಳಿರಬಹುದು. ಅವುಗಳ ವ್ಯತ್ಯಾಸ ತಿಳಿಯದೆ ಚರ್ಚೆ ಮುಂದೆ ಹೋಗುವುದಿಲ್ಲ.

ಮೊದಲನೆಯದು ಲಿಗಮೆಂಟ್, ಅಂದರೆ ಮೂಳೆಗೂ ಮೂಳೆಗೂ ನಡುವಿನ ಗಟ್ಟಿ ನಾರಿನ ಕಟ್ಟು. ಮೊಣಕಾಲಿನ ಒಳಗಿರುವ ಎಸಿಎಲ್ ಇವುಗಳಲ್ಲಿ ಪ್ರಸಿದ್ಧ. ಅದು ಹರಿದರೆ ದೇಹದ ಬೇರೆ ಭಾಗದಿಂದ ತೆಗೆದ ಸ್ನಾಯುರಜ್ಜನ್ನು ಆ ಜಾಗದಲ್ಲಿ ಕೂರಿಸುತ್ತಾರೆ. ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಒಂದು ಕಾಲಕ್ಕೆ ವೃತ್ತಿಜೀವನವನ್ನೇ ಮುಗಿಸುತ್ತಿದ್ದ ಈ ಗಾಯಕ್ಕೆ ಈಗ ತಂಡಗಳು ಅಷ್ಟಾಗಿ ಹೆದರುವುದಿಲ್ಲ. ಮೈಕಲ್ ಪೆನಿಕ್ಸ್ ಜೂನಿಯರ್ ಅವರ ಬಲಗಾಲಿನ ಎಸಿಎಲ್ ಎರಡು ಬಾರಿ ಹರಿದಿತ್ತು, ಭುಜಗಳಿಗೂ ಗಾಯವಾಗಿತ್ತು. ಆದರೂ 2024ರಲ್ಲಿ ಅಟ್ಲಾಂಟಾ ಅವರನ್ನು ಎಂಟನೆಯವರಾಗಿ ಆರಿಸಿಕೊಂಡಿತು.

ಎರಡನೆಯದು ಮೃದ್ವಸ್ಥಿ. ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜದಂತೆ ಕಾಯುವ ನುಣುಪಾದ ಹೊದಿಕೆ ಇದು. ಇದಕ್ಕೆ ನೇರ ರಕ್ತಪೂರೈಕೆ ಇಲ್ಲದ ಕಾರಣ ಒಮ್ಮೆ ಸವೆದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಮೂಳೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಬರುವ ರಕ್ತದಿಂದ ಗಾಯದ ಕಲೆಯಂಥ ಅಂಗಾಂಶ ಬೆಳೆಯುವಂತೆ ಮಾಡುವ ಶಸ್ತ್ರಚಿಕಿತ್ಸೆ ಇದೆ, ಆದರೆ ಹೀಗೆ ಬೆಳೆದದ್ದು ಮೂಲದಷ್ಟು ಬಾಳಿಕೆ ಬರುವುದಿಲ್ಲ. ಹರಿದ ಲಿಗಮೆಂಟ್ ‘ಈ ವರ್ಷ ಆಡುತ್ತಾನೆಯೇ’ ಎಂಬ ಪ್ರಶ್ನೆ ಎತ್ತಿದರೆ, ಸವೆದ ಮೃದ್ವಸ್ಥಿ ‘ಎಷ್ಟು ವರ್ಷ ಆಡುತ್ತಾನೆ’ ಎಂಬ ಪ್ರಶ್ನೆ ಎತ್ತುತ್ತದೆ. ಇಂದು ಆರಾಮವಾಗಿ ಓಡುತ್ತಿರುವ, ಒಳ್ಳೆಯ ಅಂಕಿ ಪಡೆದ ಆಟಗಾರನನ್ನೂ ತಂಡಗಳು ಕೆಲವೊಮ್ಮೆ ಕೈಬಿಡುವುದಕ್ಕೆ ಇದೇ ಕಾರಣ. 2016ರಲ್ಲಿ ಮೈಲ್ಸ್ ಜ್ಯಾಕ್ ಮೊದಲ ಹತ್ತರೊಳಗೆ ಬರುವರೆಂಬ ನಿರೀಕ್ಷೆಯಿತ್ತು. ಮುಂದೊಂದು ದಿನ ಈ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬ ಮಾತು ಹೊರಬಂದ ಮೇಲೆ ಅವರು 36ಕ್ಕೆ ಇಳಿದರು. ನಂತರ ಹಲವು ಋತುಗಳ ಕಾಲ ಅವರು ನಿಯಮಿತವಾಗಿ ಆಡಿದರು.

ಮೂರನೆಯದು ನರ. 2016ರ ಜನವರಿ 1ರಂದು, ಕಾಲೇಜಿನ ತಮ್ಮ ಕೊನೆಯ ಪಂದ್ಯದಲ್ಲಿ, ನೋಟರ್‌ಡೇಮ್ ವಿಶ್ವವಿದ್ಯಾಲಯದ ಜೇಲನ್ ಸ್ಮಿತ್ ಅವರ ಮೊಣಕಾಲಿನ ಎರಡು ಲಿಗಮೆಂಟ್‌ಗಳು ಹರಿದವು. ಅದಕ್ಕಿಂತ ದೊಡ್ಡ ಚಿಂತೆ, ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಹೋಗುವ ನರಕ್ಕೂ ಪೆಟ್ಟಾಗಿತ್ತು, ಪಾದ ಜೋತುಬೀಳುತ್ತಿತ್ತು. ಹಾನಿಗೊಂಡ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮಾತ್ರ ಬೆಳೆಯುತ್ತದೆ, ಬೆಳೆಯದೆಯೂ ಇರಬಹುದು. ಅದನ್ನು ಅವಸರಪಡಿಸುವ ಔಷಧ ವೈದ್ಯರ ಬಳಿ ಇಲ್ಲ.

ಕುತ್ತಿಗೆಯ ವಿಷಯದಲ್ಲಿ ವೈದ್ಯರು ನೋಡುವುದು ಬೆನ್ನುಹುರಿಗೆ ಅಪಾಯವಿದೆಯೇ ಎಂಬುದನ್ನು. ಮುರಿದ ಮೂಳೆ ಕೂಡಿಕೊಂಡಿದ್ದರೆ, ಬೆನ್ನುಹುರಿ ಹಾದುಹೋಗುವ ನಾಳ ಸಾಕಷ್ಟು ಅಗಲವಾಗಿದ್ದರೆ ಆಡಲು ಅನುಮತಿ ಸಿಗಬಹುದು. ಎರಡು ಕಶೇರುಕಗಳನ್ನು ಬೆಸೆದಿದ್ದರೆ ಅವುಗಳ ಮೇಲಿನ ಮತ್ತು ಕೆಳಗಿನ ಕೀಲುಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೃದಯದ ವಿಷಯದಲ್ಲಿ ತಪಾಸಣೆ ಕೆಲವೊಮ್ಮೆ ಆಟಗಾರನಿಗೇ ತಿಳಿಯದಿದ್ದುದನ್ನು ಹೊರಗೆ ತರುತ್ತದೆ. 2013ರಲ್ಲಿ ಸ್ಟಾರ್ ಲೊಟುಲೆಲೆಯಿ ಅವರ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹಾಕುವ ಪಾಲು ಶೇ 44ರಷ್ಟಿದೆ ಎಂದು ಕಂಬೈನ್‌ನಲ್ಲಿ ವರದಿಯಾಯಿತು. ಸಾಮಾನ್ಯವಾಗಿ ಇದು ಶೇ 55ರಿಂದ 70ರ ನಡುವೆ ಇರುತ್ತದೆ. ಅವರಿಗೆ ಅಲ್ಲಿ ಓಡಲು ಬಿಡಲಿಲ್ಲ. ಮುಂದಿನ ತಪಾಸಣೆಗಳಲ್ಲಿ ಹೃದಯ ಸರಿಯಾಗಿದೆ ಎಂದು ಕಂಡುಬಂದು, ಅವರು 14ನೆಯವರಾಗಿ ಆಯ್ಕೆಯಾದರು. 2018ರಲ್ಲಿ ಮಾರಿಸ್ ಹರ್ಸ್ಟ್ ಅವರನ್ನೂ ಹೃದಯದ ಕಾರಣಕ್ಕೆ ಕಂಬೈನ್‌ನಿಂದ ವಾಪಸು ಕಳುಹಿಸಲಾಯಿತು. ಅವರಿಗೂ ಆಡಲು ಅನುಮತಿ ಸಿಕ್ಕಿತು, ಆದರೆ ಅಷ್ಟರಲ್ಲಿ ಹುಟ್ಟಿದ ಅನುಮಾನ ಅವರನ್ನು ಐದನೇ ಸುತ್ತಿನ 140ನೇ ಸ್ಥಾನಕ್ಕೆ ತಳ್ಳಿತು. ಅದೇ ವರ್ಷ ಅವರು ಎನ್‌ಎಫ್‌ಎಲ್‌ನಲ್ಲಿ ಆಡಿದರು.

ಒಂದೇ ವರದಿ, ಬೇರೆ ಬೇರೆ ತೀರ್ಪು

ಸ್ಕ್ಯಾನ್ ಒಂದೇ ಆಗಿದ್ದರೂ ಒಂದು ತಂಡ ಆಟಗಾರನ ಹೆಸರನ್ನು ಪಟ್ಟಿಯಿಂದಲೇ ಅಳಿಸುತ್ತದೆ, ಇನ್ನೊಂದು ತಂಡ ಸಂತೋಷದಿಂದ ಆರಿಸಿಕೊಳ್ಳುತ್ತದೆ. ವೈದ್ಯರು ಕೊಡುವುದು ತೀರ್ಪನ್ನಲ್ಲ, ಅಂದಾಜನ್ನು: ಇಷ್ಟು ವರ್ಷ ಆಡುವ ಸಾಧ್ಯತೆ ಇಷ್ಟು, ಮತ್ತೆ ಗಾಯವಾಗುವ ಸಂಭವ ಇಷ್ಟು ಎಂದು. ಆ ಅಂದಾಜಿಗೆ ಎಷ್ಟು ಬೆಲೆ ಕೊಡಬೇಕೆಂದು ನಿರ್ಧರಿಸುವವರು ತಂಡದ ವ್ಯವಸ್ಥಾಪಕರು. ಐದನೇ ಸರದಿಯಲ್ಲಿ ಸಲ್ಲದ ಅಪಾಯ ಮೂವತ್ತೈದನೇ ಸರದಿಯಲ್ಲಿ ಸಲ್ಲಬಹುದು; ಕಳೆದುಕೊಳ್ಳುವುದು ಕಡಿಮೆ. ಈ ವರ್ಷವೇ ಗೆಲ್ಲಬೇಕಾದ ತಂಡಕ್ಕೆ ಒಂದು ವರ್ಷ ಕಾಯುವುದು ನಷ್ಟ, ಹೊಸದಾಗಿ ಕಟ್ಟಿಕೊಳ್ಳುತ್ತಿರುವ ತಂಡಕ್ಕೆ ಅದೇ ಕಾಯುವಿಕೆ ಅಗ್ಗದ ವ್ಯಾಪಾರ.

ಕೆಲವೊಮ್ಮೆ ಮಾಹಿತಿಯೂ ಸಮಾನವಾಗಿರುವುದಿಲ್ಲ. ಜೇಲನ್ ಸ್ಮಿತ್ ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದ್ದವರು ಡಲ್ಲಾಸ್ ಕೌಬಾಯ್ಸ್ ತಂಡದ ವೈದ್ಯರೇ. ಆ ನರ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಡಲ್ಲಾಸ್ 34ನೇ ಸರದಿಯಲ್ಲಿ ಅವರನ್ನು ಆರಿಸಿಕೊಂಡಿತು. ಸ್ಮಿತ್ 2016ರ ಇಡೀ ಋತು ಕುಳಿತರು, 2017ರಲ್ಲಿ ಮೈದಾನಕ್ಕಿಳಿದರು, 2019ರಲ್ಲಿ ಐದು ವರ್ಷಗಳಿಗೆ 6.4 ಕೋಟಿ ಡಾಲರ್‌ವರೆಗಿನ ಕರಾರು ಪಡೆದರು, ಅದೇ ಋತುವಿನಲ್ಲಿ ಪ್ರೋ ಬೌಲ್ ಗೌರವಕ್ಕೂ ಪಾತ್ರರಾದರು. ಇದಕ್ಕೆ ಎದುರಾಗಿ ಮಾರ್ಕಸ್ ಲ್ಯಾಟಿಮೋರ್ ಅವರ ಕಥೆಯನ್ನು ಇಡಬೇಕು. 2012ರಲ್ಲಿ ಮೊಣಕಾಲು ಭೀಕರವಾಗಿ ಜಜ್ಜಿಹೋಗಿದ್ದ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊ ತಂಡ ನಾಲ್ಕನೇ ಸುತ್ತಿನಲ್ಲಿ ಆರಿಸಿ, ಕಾಯಲು ಸಿದ್ಧವಾಯಿತು. 2014ರ ನವೆಂಬರಿನಲ್ಲಿ, ಲೀಗ್‌ನ ಒಂದೂ ಪಂದ್ಯ ಆಡದೆ, ಅವರು ನಿವೃತ್ತರಾದರು.

ಭಯಪಟ್ಟದ್ದು ಬಾರದೆ ಬೇರೆಯದೇ ಬರುವುದೂ ಉಂಟು. ಟುವಾ ಟಾಗೊವೈಲೋವಾ ಅವರ ಸೊಂಟದ ಕೀಲು 2019ರ ನವೆಂಬರಿನಲ್ಲಿ ತಪ್ಪಿ, ಅದರ ಗೋಡೆ ಮುರಿದಿತ್ತು. ತೊಡೆಮೂಳೆಯ ತಲೆಗೆ ರಕ್ತಪೂರೈಕೆ ನಿಂತು ಮೂಳೆ ಸಾಯಬಹುದೆಂಬುದು ಆಗಿನ ದೊಡ್ಡ ಆತಂಕ. 2020ರಲ್ಲಿ ಮಯಾಮಿ ತಂಡ ಅವರನ್ನು ಐದನೆಯವರಾಗಿ ಆರಿಸಿಕೊಂಡಿತು. 2022ರಲ್ಲಿ ಅವರನ್ನು ಮೈದಾನದಿಂದ ದೂರವಿಟ್ಟದ್ದು ಸೊಂಟವಲ್ಲ, ತಲೆಗೆ ಬಿದ್ದ ಪೆಟ್ಟುಗಳು.

ಸುದ್ದಿಯನ್ನು ಓದುವಾಗ

ಆಟಗಾರನ ಆರೋಗ್ಯದ ಬಗ್ಗೆ ಏಪ್ರಿಲ್‌ನಲ್ಲಿ ಬರುವ ಸುದ್ದಿಗಳಲ್ಲಿ ಬಹುಪಾಲು ಹೆಸರು ಹೇಳದ ಮೂಲಗಳಿಂದ ಬಂದವು. ಒಳ್ಳೆಯ ವರದಿಯನ್ನು ಆಟಗಾರನ ಪ್ರತಿನಿಧಿ ಹರಡಿರಬಹುದು, ಕೆಟ್ಟ ವರದಿಯನ್ನು ಆತ ತಮ್ಮ ಸರದಿಯವರೆಗೂ ಉಳಿಯಲೆಂದು ಬಯಸುವ ತಂಡವೇ ಹರಡಿರಬಹುದು. ಹಾಗೆಂದು ಎಲ್ಲವೂ ಹುಸಿಯಲ್ಲ. 2025ರಲ್ಲಿ ಮಿಷಿಗನ್‌ನ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಅವರ ಮೊಣಕಾಲಿನ ಬಗ್ಗೆ ಡ್ರಾಫ್ಟ್‌ಗೆ ಮುನ್ನ ಮಾತು ಹಬ್ಬಿತ್ತು. ಮೊದಲ ಸುತ್ತಿನವರೆಂದು ಎಲ್ಲರೂ ಎಣಿಸಿದ್ದ ಅವರು 47ನೇ ಸ್ಥಾನದವರೆಗೆ ಕಾಯಬೇಕಾಯಿತು; ಅರಿಜೋನಾ ಅವರನ್ನು ಆರಿಸಿಕೊಂಡಿತು.

‘ವೈದ್ಯರು ಅನುಮತಿ ಕೊಟ್ಟಿದ್ದಾರೆ’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಯಾವ ವೈದ್ಯರು ಎಂಬ ಪ್ರಶ್ನೆ ಅಲ್ಲಿ ಉಳಿದಿರುತ್ತದೆ. ಶಸ್ತ್ರಚಿಕಿತ್ಸೆ ಮಾಡಿದವರ ಅನುಮತಿ ಎಂದರೆ ಗಾಯ ಮಾಗಿದೆ ಎಂದರ್ಥ. ತಂಡದ ವೈದ್ಯರ ಅನುಮತಿ ಎಂದರೆ ಈ ಬೆಲೆಗೆ ಈ ಅಪಾಯ ಒಪ್ಪಬಹುದು ಎಂದರ್ಥ. ಎಲ್ಲ 32 ತಂಡಗಳಿಗೂ ಕಡತ ಸಿಕ್ಕಿರಬೇಕೆಂಬ ನಿಯಮವೂ ಇಲ್ಲ: 2024ರಲ್ಲಿ ಕೇಲೆಬ್ ವಿಲಿಯಮ್ಸ್ ಕಂಬೈನ್‌ನಲ್ಲಿ ವೈದ್ಯಕೀಯ ತಪಾಸಣೆಗೆ ಒಪ್ಪಲಿಲ್ಲ, ತಾವು ಭೇಟಿ ಕೊಟ್ಟ ಕೆಲವೇ ತಂಡಗಳಿಗೆ ಮಾತ್ರ ಅವಕಾಶ ಕೊಟ್ಟರು, ಆದರೂ ಮೊದಲಿಗರಾಗಿ ಆಯ್ಕೆಯಾದರು.

ಲಾಯಾಟು ಲಾಟು ಅವರ ವಿಷಯದಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಕುತ್ತಿಗೆಗೆ ಪೆಟ್ಟು ಬಿದ್ದ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು ಇನ್ನು ಆಡುವಂತಿಲ್ಲ ಎಂದರು. ಕಾಗದದ ಮೇಲೆ ಅವರ ಆಟ ಅಲ್ಲಿಗೆ ಮುಗಿದಿತ್ತು. ಬೇರೊಬ್ಬ ತಜ್ಞರ ಅನುಮತಿ ಪಡೆದು ಅವರು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಸೇರಿ ಆಡಿದರು. 2024ರ ಡ್ರಾಫ್ಟ್‌ನಲ್ಲಿ ಮೊದಲ ಹದಿನಾಲ್ಕು ಸರದಿಗಳೂ ಆಕ್ರಮಣದ ಆಟಗಾರರ ಪಾಲಾದವು. ಹದಿನೈದನೆಯ ಸರದಿಯಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಲಾಟು ಅವರನ್ನು ಆರಿಸಿಕೊಂಡಿತು. ಆ ವರ್ಷ ರಕ್ಷಣಾ ವಿಭಾಗದಿಂದ ಆಯ್ಕೆಯಾದ ಮೊದಲ ಆಟಗಾರ ಅವರೇ.